ಒಂದೇ ಮನೆಯ ಖುರಾಕು

ಕರಜಗಿ ಜಗದೇವಪ್ಪ ಗೌಡಗ ದೇವರು ಏನು ಕಮ್ಮಿ ಮಾಡಿದ್ದ ಹೇಳ್ರಿ? ಭೀಮಾ ದಂಡಿಗುಂಟ ಎರಿ ಹೊಲ, ಕೊಟ್ಟಿಗ್ಯಾಗ ಹನ್ನೊಂದು ಎಮ್ಮಿ, ಊರಾಗ ಯಾರ ಮನಿ ಮದುವಿ ಇದ್ರೂ ಮೊದಲ ವೀಳ್ಯ ಇವಗೇ. ತಹಸೀಲ್ದಾರ ಸಾಹೇಬ ಆ ಕಡೆ ದೌರಾ ಬಂದ್ರ ಮಜ್ಜಿಗಿ ಕುಡಿಯಾಕ ಇವನ ಕಟ್ಟೀಗೇ ಬರಬೇಕು. ಇಷ್ಟಾದ ಮ್ಯಾಲ ಮನುಷ್ಯ ಸುಮ್ಮನ ಕುಂಡ್ರಬೇಕೋ ಬ್ಯಾಡೋ? ಕುಂಡ್ರಂಗಿಲ್ಲ. ಹೊಟ್ಟಿ ತುಂಬಿದವಗ ಹೆಸರಿನ ಹಸಿವು ಹುಟ್ತದ, ಅದಕ್ಕ ಯಾವ ಹಕೀಮನ ಹತ್ರಾನೂ ಮದ್ದಿಲ್ಲ.

ಆ ಹಸಿವಿಗೆ ಸಿಕ್ಕಾಂವ ಮಗ ನಾಗಣ್ಣ. ಆಳಂದದಾಗ ಹೈಸ್ಕೂಲು ಓದ್ತಿದ್ದ. ಓದು ಅಷ್ಟಕ್ಕಷ್ಟೇ, ಕುಸ್ತಿ ಮಾತ್ರ ಬೆಂಕಿ. ಎರಡು ವರ್ಷ ಆತು, ಸಾಲಿ ಕುಸ್ತ್ಯಾಗ ಅವನ ಬೆನ್ನಿಗೆ ಒಬ್ಬನೂ ಮಣ್ಣು ಹಚ್ಚಿರಲಿಲ್ಲ. ಹಚ್ಚೋದರ ಹ್ಯಾಂಗ? ಅವನ ಖುರಾಕು ಅಂದ್ರ ಖುರಾಕು! ಮುಂಜಾನೆ ತಾಲೀಮು ಮುಗಿಸಿ ಬಂದ್ರ ಬದಾಮಿ ಅರದು ಹಾಕಿದ ತಂಬಗಿ ಹಾಲು, ಮಧ್ಯಾಹ್ನ ಮುಷ್ಟಿ ಬೆಣ್ಣಿ, ಸಂಜೀಕ ಮತ್ತ ಹಾಲು. ಇದರ ಸಲುವಾಗೇ ಗೌಡ ಆಳಂದದಾಗ ಒಂದು ಮನಿ ಹಿಡದು, ಎರಡು ಎಮ್ಮಿ ಕಟ್ಟಿ, ಅಡಿಗಿಯವನ್ನ ಇಟ್ಟಿದ್ದ. ದೊಡ್ಡ ಲಢಾಯಿ ನಡದ ವರ್ಷ ಅದು. ಮಂದಿಗೆ ಚಿಮಣಿ ಎಣ್ಣಿ ಸಿಗಾಕತ್ತಿರಲಿಲ್ಲ, ಸಕ್ಕರಿ ಕಣ್ಣಿಗೆ ಬೀಳ್ತಿರಲಿಲ್ಲ, ನಾಗಣ್ಣನ ಬದಾಮಿ ಮಾತ್ರ ಒಂದ ದಿನಾ ತಪ್ಪಲಿಲ್ಲ. "ಅವನ ಮೈಯಾಗ ಹರಿಯೋದು ರಕ್ತಲ್ಲಪಾ, ನಮ್ಮ ಮನಿ ತುಪ್ಪ" ಅಂತ ಗೌಡ ಮೀಸಿ ಮ್ಯಾಲ ಕೈ ಆಡಿಸಿಕೋತ ಹೇಳ್ತಿದ್ದ. ಕೇಳಿದವ್ರು "ಹೌದ್ರಿ ಗೌಡ್ರ, ಹೌದ್ರಿ" ಅಂತಿದ್ರು. ಅನ್ನದ ಏನ ಮಾಡ್ಯಾರು ಪಾಪ, ಅವನ ಹೊಲದಾಗ ದುಡಿಯೋ ಮಂದಿ.

ಆದ್ರ ಒಂದು ಸಂಕಟ ಇವನ ಎದ್ಯಾಗ ಮುಳ್ಳಿನಾಂಗ ಕುಂತಿತ್ತು. ಸಾಲಿ ಕುಸ್ತ್ಯಾಗ ಹುಡುಗರನ್ನ ಕರಿಯೋ ಮುಂದ "ಆಳಂದದ ನಾಗಣ್ಣ" ಅಂತಷ್ಟೇ ಕರೀತಿದ್ರು. ಅಪ್ಪನ ಹೆಸರಿಲ್ಲ, ಮನಿತನದ ಹೆಸರಿಲ್ಲ. ಎಮ್ಮಿ ಕಟ್ಟಿದಾಂವ ಯಾರು, ಬದಾಮಿ ತರಿಸಿದಾಂವ ಯಾರು? ನೆರದ ಮಂದಿಗೆ ಗೊತ್ತಾಗಬೇಕೋ ಬ್ಯಾಡೋ?

ಅದಕ್ಕ ಆ ವರ್ಷ ಗೌಡ ಒಂದು ಬೆಳ್ಳಿ ಢಾಲು, ಅಂದ್ರ ಗುರಾಣಿ, ಮಾಡಿಸಿದ. ಪತ್ತಾರ ಅದನ್ನ ಮೂರು ಸಲ ಕರಗಿಸಿ ಮೂರು ಸಲ ಬಡಿದ, ಯಾಕಂದ್ರ ಗೌಡಗ ಮೊದಲಿಂದು ಸಣ್ಣದಾಗಿ ಕಂಡಿತ್ತು, ಎರಡನೇದೂ ಸಣ್ಣದಾಗಿ ಕಂಡಿತ್ತು. ಢಾಲು ತಗೊಂಡು ಸೀದಾ ಸಾಲಿ ಡ್ರಿಲ್ ಮಾಸ್ತರ ದೌಲತರಾಯನ ಮುಂದ ಇಟ್ಟು ಹೇಳಿದ: "ಮಾಸ್ತರ, ಗೆದ್ದವರಿಗೆ ಇದನ್ನ ಕೊಡ್ರಿ. ಆದ್ರ ನಂದೊಂದು ಮಾತದ. ಕಡೀ ಜೋಡಿ ಕರಿಯೋ ಮುಂದ ಹುಡುಗನ ಹೆಸರಷ್ಟೇ ಅಲ್ಲ, ಅಪ್ಪನ ಹೆಸರು, ಮೂಲ ಊರು ಎಲ್ಲಾ ಹಚ್ಚಿ ಗಟ್ಟಿಸಿ ಕರೀಬೇಕು. ಢಾಲಿನ ಮ್ಯಾಲೂ ಹಂಗೇ ಕೆತ್ತಬೇಕು. ನೋಡಿದವ್ರಿಗೆ ಯಾರ ಮನಿ ಬೀಜ ಅಂತ ತಿಳೀಬೇಕು."

"ಅದ್ರಾಗೇನದ್ರಿ ಗೌಡ್ರ," ಅಂದ ದೌಲತರಾಯ. "ಎಲ್ಲಾ ಹುಡುಗರ ಅಪ್ಪಂದಿರ ಹೆಸರು ಅವರ ಸಾಲಿ ಕಾಗದದಾಗ ಇರ್ತದ. ನಾ ಓದ್ತೇನಿ."

ಓದಪಾ ಓದು! ತನ್ನ ಕಾಲಮ್ಯಾಲ ತಾನೇ ಕಲ್ಲು ಎತ್ತಿ ಹಾಕ್ಕೊಳ್ಳೋದು ಅಂದ್ರ ಇದೇ ನೋಡ್ರಿ. ಆದ್ರ ಆವತ್ತು ಗೌಡ ನಕ್ಕೋತ ಮನೀಗೆ ಬಂದ.

ಸುಗ್ಗಿ ಮುಗದಿತ್ತು. ಸಾಲಿ ಹಿಂದಿನ ಬೈಲಿನಾಗ ಕೆಂಪು ಮಣ್ಣು ಹಾಕಿ, ಅದಕ್ಕ ಎಣ್ಣಿ, ಮಜ್ಜಿಗಿ, ಅರಿಷಿಣ ಕಲಸಿ ಅಖಾಡ ಹದ ಮಾಡಿದ್ರು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆಯಿಂದ ಸಾಲಿ ಹುಡುಗರು ಬಂದಿದ್ರು. ತಹಸೀಲ್ದಾರ ಸಾಹೇಬಗ ಖುರ್ಚಿ, ಅದರ ಮಗ್ಗಲಕ್ಕ ಗೌಡಗ ಖುರ್ಚಿ. ಎದುರಿಗೆ ಚಾಪಿ ಮ್ಯಾಲ ಹಳೇ ವಸ್ತಾದರು, ಕಿವಿ ಮುದ್ದಿಯಾದ ಮುದುಕರು, ಕುಸ್ತಿ ಕಲಿಸಿ ಕಲಿಸಿ ಹಣ್ಣಾದವ್ರು. ಹಲಗಿ ಬಡಿಯಾಕತ್ತಿತ್ತು.

ಗೌಡನ ಹೆಂಡತಿ ಗೌರಾಬಾಯಿನೂ ಬಂದಿದ್ಲು. ಎರಡು ವರ್ಷ ಮಗ ಗೆದ್ದಾಗ ಮನ್ಯಾಗೇ ಕುಂತು ದೀಪ ಹಚ್ಚಿದಾಕಿ, ಈ ಸಲ "ನಾನೂ ಬರ್ತೇನ್ರಿ" ಅಂದಿದ್ಲು. ಅಕಿ ಬಾಯಿಂದ ಏನರ ಬೇಕು ಅಂತ ಮಾತು ಬರೋದೇ ಅಪರೂಪ, ಹಂಗಾಗಿ ಗೌಡ ಹೂಂ ಅಂದ. ಬೈಲಿನ ದಂಡಿಗೆ ಬೇವಿನ ಗಿಡದ ಬುಡಕ ಪಡದಾ ಕಟ್ಟಿದ ಗಾಡಿ ನಿಲ್ಲಿಸಿದ್ರು. ಅಕಿ ಅದ್ರಾಗ ಕುಂತಿದ್ಲು.

ಮಧ್ಯಾಹ್ನ ಹೊತ್ತಿಗೆ ಕಡೀ ಜೋಡಿ ಉಳೀತು. ಒಂದು ಕಡೆ ನಾಗಣ್ಣ. ಇನ್ನೊಂದು ಕಡೆ ಯಡ್ರಾಮಿ ಕಡಿಂದ ಬಂದ ಒಬ್ಬ ಹುಡುಗ, ಮುಂಜಾನಿಂದ ಮೂವರನ್ನ ಚಿತ್ ಮಾಡಿದ್ದ. ಗೌಡ ಅವನ್ನ ಎಮ್ಮಿ ನೋಡಿದಾಂಗ ಮ್ಯಾಲಿಂದ ಕೆಳಗ ನೋಡಿದ. ಲಂಗೋಟಿ ಹಳೇದು, ತೊಳದು ತೊಳದು ತೆಳ್ಳಗಾಗಿದ್ದು. ಆದ್ರ ಮೈ? ಆ ಹೆಗಲು, ಆ ತೊಡಿ, ಚರ್ಮದ ಮ್ಯಾಲಿನ ಆ ಹೊಳಪು! ಇದು ಬರೇ ಜ್ವಾಳದ ರೊಟ್ಟಿ ತಿಂದ ಮೈಯಲ್ಲ, ಇದೂ ಬದಾಮಿ ತಿಂದ ಮೈ. ಯಡ್ರಾಮಿಯ ಕೂಲಿ ಮಂದಿ ಮಕ್ಕಳಿಗೆ ಈ ಕಾಲದಾಗ ಬದಾಮಿ ಎಲ್ಲಿಂದ ಬಂತಪಾ ಅಂತ ಗೌಡಗ ಸೋಜಿಗ ಆತು. ಹೋಗಲಿ ಬಿಡು, ಗೆಲ್ಲೋದು ಹೆಂಗಿದ್ರೂ ನಮ್ಮವನೇ, ಜೋಡಿ ಚಲೋ ಇದ್ರ ಗೆದ್ದದ್ದಕ್ಕೂ ತೂಕ ಅಂದ್ಕೊಂಡ.

ದೌಲತರಾಯ ಮಾಸ್ತರ ಕಾಗದ ಬಿಚ್ಚಿದ. ಹಲಗಿ ನಿಂತಿತು. ಮಾಸ್ತರಂದು ಎಂಥಾ ಧ್ವನಿ ಅಂತೀರಿ, ಊರ ಆಚಿ ದಂಡ್ಯಾಗ ಮಲಗಿದ ನಾಯಿ ಎದ್ದು ಕುಂಡ್ರಬೇಕು. ಕಚೇರ್ಯಾಗ ಓದೋ ಧಾಟ್ಯಾಗೇ, ಮಗ ಅನ್ನೋದಕ್ಕ ವಲ್ದ ಅಂತ, ಊರಿಗೆ ಸಾಕಿನ ಅಂತ ಹಚ್ಚಿ ಓದಿದ:

"ನಾಗಣ್ಣ! ವಲ್ದ ಜಗದೇವಪ್ಪ ಗೌಡ! ಸಾಕಿನ ಕರಜಗಿ!"

ಮಂದಿ ಹೋ ಅಂತು. ಗೌಡ ಖುರ್ಚ್ಯಾಗೇ ಒಂದು ಗೇಣು ಎತ್ತರಾದ. ಆಹಾ, ಇದಕ್ಕಲ್ಲೇನು ಬದುಕಿದ್ದು! ಮಾಸ್ತರ ಉಸಿರು ತಗೊಂಡು ಮುಂದಿನ ಸಾಲು ಓದಿದ:

"ಮಡಿವಾಳಪ್ಪ! ವಲ್ದ ಮರಹೂಮ ಶಾಂತಲಿಂಗಪ್ಪ ಗೌಡ! ಅಸಲ ಸಾಕಿನ ಕರಜಗಿ! ಹಾಲಿ ಮುಕ್ಕಾಂ ಯಡ್ರಾಮಿ!"

ಮರಹೂಮ ಅಂದ್ರ ತೀರಿ ಹೋದಾಂವ. ಕರಜಗ್ಯಾಗ ಶಾಂತಲಿಂಗಪ್ಪ ಗೌಡ ಅನ್ನಾಂವ ಹುಟ್ಟಿದ್ದೂ ಒಬ್ಬನೇ, ಸತ್ತದ್ದೂ ಒಬ್ಬನೇ. ಜಗದೇವಪ್ಪನ ಒಡಹುಟ್ಟಿದ ತಮ್ಮ.

ಗೌಡನ ಕೈಯಾಗಿನ ಎಲಿ ಅಡಕಿ ಚೀಲ ಕೆಳಗ ಬಿತ್ತು. ಎತ್ತಿಕೊಳ್ಳಾಕ ಬಗ್ಗಲಿಲ್ಲ. ಆ ಹುಡುಗ ಇರಾಕ ಸಾಧ್ಯ ಇಲ್ಲ. ಆ ಹುಡುಗ ಸತ್ತು ಹದಿನಾರು ವರ್ಷ ಆಗಿತ್ತು. ಸಾಯಿಸಿದ್ದು ಯಾರು ಅಂತ ಈ ಲೋಕದಾಗ ಇಬ್ಬರಿಗೇ ಗೊತ್ತಿತ್ತು, ಒಬ್ಬಾಂವ ಖುರ್ಚ್ಯಾಗ ಕುಂತಿದ್ದ, ಇನ್ನೊಬ್ಬಾಕಿ ಗಾಡ್ಯಾಗ ಕುಂತಿದ್ಲು.

ಹೇಳಬಾರದ ಮಾತು, ಆದ್ರೂ ಹೇಳಬೇಕು. ಹದಿನಾರು ವರ್ಷದ ಹಿಂದ ಕಾಲರಾ ಬಂದು ಶಾಂತಲಿಂಗಪ್ಪ ಒಂದೇ ದಿನದಾಗ ಹೋದ. ಅವನ ಹೆಂಡತಿ ಚಂದಮ್ಮ ಆಗ ಏಳು ತಿಂಗಳ ಬಸುರಿ. ಸಾವಿನ ದಿನಗಳು ಮುಗದ ಮ್ಯಾಲ ಅಕಿನ್ನ ತವರುಮನಿ ಯಡ್ರಾಮಿಗೆ ಕಳಿಸಿದ್ರು. ಅಣ್ಣತಮ್ಮರ ಹೊಲ ಇನ್ನೂ ಹಿಸ್ಸೆ ಆಗಿರಲಿಲ್ಲ. ಹೆಣ್ಣು ಹುಟ್ಟಿದ್ರ ಒಂದು ಮದುವಿ ಮಾಡಿ ಕೈತೊಳಕೊಳ್ಳೋದು. ಗಂಡು ಹುಟ್ಟಿದ್ರ ಭೀಮಾ ದಂಡಿ ಎರಿಯೊಳಗ ಸರೀ ಅರ್ಧ ಅವಂದು. ಹೆರಿಗಿ ಹತ್ರ ಬಂದಾಗ ಜಗದೇವಪ್ಪ ಮೂರು ದಿನ ವಿಚಾರ ಮಾಡಿದ. ನಾಕನೇ ದಿನ ಹೆಂಡತಿ ಕೈಯಾಗ ಅಡಕಿ ಹೋಳಿನಷ್ಟು ಅಫೀಮು ಇಟ್ಟ. ಹೊಲಕ್ಕ ಹೋಗೋ ತಾಯಂದಿರು ಕೂಸು ಮಲಗಲಿ ಅಂತ ಸಾಸಿವಿ ಕಾಳಿನಷ್ಟು ಹಾಕ್ತಿದ್ರು. ಇದು ಒಂದು ಕೂಸಲ್ಲ, ಒಂದು ಕೇರಿ ಕೂಸುಗಳಿಗೆ ಸಾಕಾಗೋವಷ್ಟು. "ಬಾಣಂತನಕ್ಕ ಹೋಗು" ಅಂದ. "ಹೆಣ್ಣಾದ್ರ ಕುಬಸ ಉಡಿ ಮಾಡಿ ಬಾ. ಗಂಡಾದ್ರ ಇದನ್ನ ಹಾಲಿನಾಗ ತೇದು ಕುಡಿಸಿ ಬಾ." ಗೌರಾಬಾಯಿ ಅದನ್ನ ಸೆರಗಿಗೆ ಗಂಟು ಹಾಕ್ಕೊಂಡು ಹೋದ್ಲು. ತಿಂಗಳಾದ ಮ್ಯಾಲ ತಿರುಗಿ ಬಂದು, ಹೊಸ್ತಲದಾಗ ನಿಂತು, "ಗಂಡಿತ್ರಿ. ಹೋತು" ಅಂದ್ಲು. ಅಷ್ಟೇ. ಗೌಡ ಕಚೇರ್ಯಾಗ ತಮ್ಮ ಲಾವಾರಿಸ್, ಅಂದ್ರ ವಾರಸದಾರಿಲ್ಲದ ಸತ್ತಾನ ಅಂತ ಬರೆಸಿದ. ಆ ಮಾತು ಆಮ್ಯಾಲ ಗಂಡ ಹೆಂಡತಿ ನಡುವ ಒಂದ ಸಲಾನೂ ಬರಲಿಲ್ಲ. ಗೌಡನ ಮನಸ್ಸೇನೂ ಸುಡಲಿಲ್ಲ ಬಿಡ್ರಿ. ನಾ ಏನ ಮಾಡೇನಿ, ಹಾಕಿದಾಕಿ ಅಕಿ, ಪಾಪ ಏನಿದ್ರೂ ಅಕಿ ಕೈಗೆ ಹತ್ತ್ಯದ ಅಂತ ಅಂದ್ಕೊಂಡು ಸುಖವಾಗಿದ್ದ.

ಈಗ ಆ ಕೂಸು ಲಂಗೋಟಿ ಕಟ್ಟಿ ಎದುರಿಗೆ ನಿಂತದ!

ಅಖಾಡದಾಗ ನಾಗಣ್ಣ ಮಣ್ಣು ಮುಟ್ಟಿ ಹಣಿಗೆ ಹಚ್ಚಿಕೊಂಡು ಕೈ ಮುಂದ ಚಾಚಿದ. ಕೈ ಕೂಡಿಸಿದ್ರ ಕುಸ್ತಿ ಸುರು. ಮಡಿವಾಳ ಕೈ ಕೊಡಲಿಲ್ಲ. ಮುಷ್ಟ್ಯಾಗ ಹಿಡದಿದ್ದ ಮಣ್ಣು ಮೆಲ್ಲಕ ಕೆಳಗ ಬಿಟ್ಟ. ಎರಡು ಹೆಜ್ಜಿ ಹಿಂದ ಸರದು ಕೈ ಮುಗದ.

"ಯಾಕಲೇ, ಹೆದರಿಕಿ ಬಂತೇನು?" ಅಂತ ಯಾರೋ ಕೂಗಿದ್ರು.

"ಹೆದರಿಕಿಲ್ರಿ," ಅಂದ ಹುಡುಗ. ಮಾತು ಸಣ್ಣದು, ಆದ್ರ ಎಲ್ಲಾರಿಗೂ ಕೇಳ್ತು. "ಇವರು ಕರಜಗಿ ಜಗದೇವಪ್ಪ ಗೌಡ್ರ ಮಗ ಅಂತ ಈಗ ಹೆಸರು ಕರದಾಗ ತಿಳೀತ್ರಿ. ನಾ ಆ ಮನಿ ಖುರಾಕು ಉಂಡು ಬೆಳದಾಂವ. ನಾ ಇವರ ಮೈಗೆ ಕೈ ಹಚ್ಚಂಗಿಲ್ಲ."

ಚಾಪಿ ಮ್ಯಾಲ ಕುಂತ ವಸ್ತಾದರು ಎಲ್ಲಾರೂ ಒಮ್ಮೆ ಎದ್ದು ನಿಂತ್ರು. ಸಣ್ಣ ಮಾತಲ್ಲ ಇದು. ನಮ್ಮ ಕಡೆ ತಾಲೀಮಿನಾಗ ಒಂದು ಕಟ್ಟಳಿ ಅದ: ಒಂದೇ ಮನಿ ಖುರಾಕು ಉಂಡವ್ರು ಮಂದಿ ಮುಂದ ಎದುರಾಬದುರಾ ನಿಂದ್ರಂಗಿಲ್ಲ. ಆ ಮನಿ ಅನ್ನ ಆ ಮನಿ ಅನ್ನದ ಮ್ಯಾಲೇ ಬೀಳಬಾರದು. ಅಂಥಾ ಜೋಡಿ ಬಂದ್ರ ಕುಸ್ತಿ ಬರಾಬರಿ ಅಂತ ಬಿಡಿಸಿ, ಇಬ್ಬರಿಗೂ ಒಂದೇ ಇನಾಮು. ಆದ್ರ ಬರೇ ಬಾಯಿಮಾತು ನಡಿಯಂಗಿಲ್ಲ. ಹೌದು, ಇಂವ ನಮ್ಮ ಮನಿ ಖುರಾಕಿನಾಂವ ಅಂತ ಆ ಮನಿ ಯಜಮಾನ ಎದ್ದು ಹೇಳಬೇಕು.

"ಯಾರು ತಂದು ಕೊಟ್ರೋ ಮಗನ ನಿನಗ?" ಅಂತ ಹಿರೇ ವಸ್ತಾದ ಕೇಳಿದ.

"ಬಳಿಗಾರ ಹುಸೇನಬೀ ಅಜ್ಜಿ ತರ್ತಿದ್ಲ್ರಿ. ಬಳಿ ಬುಟ್ಟ್ಯಾಗ ಬದಾಮಿ, ಉತ್ತತ್ತಿ, ತುಪ್ಪದ ಗಡಗಿ. ನಾ ಸಣ್ಣವ ಇದ್ದಾಗ ಒಂದು ಎಮ್ಮಿ ಕರೂನೂ ಅದೇ ಮನಿಂದ ಬಂದಿತ್ತಂತ್ರಿ."

ಹುಸೇನಬೀ! ನಾಕ ತಿಂಗಳಿಗೊಮ್ಮೆ ಗೌಡನ ಮನಿ ಒಳಗ ಹೋಗಿ ಹೆಣ್ಣುಮಕ್ಕಳಿಗೆ ಬಳಿ ಇಡಿಸೋ ಮುದುಕಿ. ಬಳಿಗಾರ್ತಿ ಬುಟ್ಟಿ ಯಾವ ಗಂಡಸು ತೆರದು ನೋಡ್ತಾನ ಹೇಳ್ರಿ? ಕರಜಗಿ ಮನಿಂದ ಆಳಂದಕ್ಕ ಕಳಿಸೋ ಬದಾಮಿ ಲಗೂನ ತೀರ್ತಾವು ಅಂತ ಗೌಡ ಎಷ್ಟು ಸಲ ಅಡಿಗಿಯವನ್ನ ಬೈದಿದ್ದ!

ತಹಸೀಲ್ದಾರ ಸಾಹೇಬ ಗೌಡನ ಕಡೆ ತಿರುಗಿದ. ಭಾಳ ನಯದ ಮನುಷ್ಯ, ನಕ್ಕೋತೇ ಮಾತಾಡಾಂವ. "ಗೌಡ್ರ, ನೀವೇ ಯಜಮಾನ್ರು, ನೀವೇ ಹೇಳ್ರಿ. ಈ ಹುಡುಗ ನಿಮ್ಮ ತಮ್ಮನ ಮಗ ಹೌದೇನು, ನಿಮ್ಮ ಮನಿ ಖುರಾಕು ಉಂಡದ್ದು ಖರೇನೇನು? ಹೌದಂದ್ರ ಬರಾಬರಿ. ಅಲ್ಲಂದ್ರ ಹುಡುಗ ಸಾಲಿ ಕಾಗದದಾಗ ಸುಳ್ಳು ಅಪ್ಪನ ಹೆಸರು ಬರೆಸ್ಯಾನಂತಾತು. ಅವನ ಹೆಸರು ಸಾಲಿಂದ ತೆಗೀಬೇಕಾಗ್ತದ, ಢಾಲು ನಿಮ್ಮ ಮಗಂದು."

ನೋಡ್ರಿ ಈಗ! ಒಂದು ಹೌದಿಗೆ ಹೊಲದ ಅರ್ಧ ಹೋಗ್ತದ, ಅದೂ ತಹಸೀಲ್ದಾರನ ಕಿವಿ ಮುಂದ ಹೇಳಿದ ಹೌದು. ಒಂದು ಅಲ್ಲಕ್ಕ ಎಲ್ಲ ಉಳೀತದ, ಮ್ಯಾಲ ಢಾಲೂ ಬರ್ತದ. ಅಲ್ಲ ಅನ್ನೋದು ಗೌಡನ ನಾಲಿಗಿ ತುದಿಗೇ ಬಂದಿತ್ತು. ಆದ್ರ ಅಕಿ ಏನ ಮಾಡ್ಯಾಳ, ಎಲ್ಲಿತನಾ ಮಾಡ್ಯಾಳ ಅಂತ ತಿಳೀದ ಬಾಯಿ ಬಿಡಾಕ ಅಂಜಿಕಿ ಬಂತು. "ಮನ್ಯಾಗ ಒಂದು ಮಾತು ಕೇಳಿ ಬರ್ತೇನ್ರಿ ಸಾಹೇಬ್ರ" ಅಂದು ಎದ್ದ. ಬೇವಿನ ಗಿಡ ಅಷ್ಟು ದೂರ ಇತ್ತೇನು ಅನ್ನಿಸ್ತು.

ಗಾಡಿ ಪಡದಾ ಸರಿಸಿದ. ಗೌರಾಬಾಯಿ ಸೆರಗು ತಲಿತುಂಬ ಹೊತ್ತು ಕುಂತಿದ್ಲು. ಮುಖದಾಗ ಅಂಜಿಕಿ ಇರಲಿಲ್ಲ. ಅದನ್ನ ನೋಡೇ ಗೌಡಗ ಖರೇ ತಿಳೀತು.

"ಬದುಕ್ಯಾನಲ್ಲ!" ಅಂದ.

"ಹೌದ್ರಿ. ಬದುಕ್ಯಾನ."

"ನೀ ಹೋತು ಅಂದಿದ್ದಿ."

"ಅಂದಿದ್ದೆ. ಬದುಕ್ಯದ ಅಂದಿದ್ರ ನೀವು ಮತ್ತೊಬ್ಬರ ಕೈಯಾಗ ಕೊಟ್ಟು ಕಳಿಸ್ತಿದ್ರಿ. ಅವ್ರು ಕುಡಿಸೇ ಬರ್ತಿದ್ರು. ಸತ್ತದ್ದನ್ನ ಯಾರೂ ಹುಡುಕಂಗಿಲ್ಲ."

"ಹುಚ್ಚೇನಲೇ ನಿನಗ!" ಗೌಡ ಹಲ್ಲು ಕಡದ. "ಅರ್ಧ ಹೊಲ ಹೋಗೋದು ಯಾರದು? ನಿನ್ನ ಹೊಟ್ಯಾಗ ಹುಟ್ಟಿದವಂದು. ನಾಗಣ್ಣಂದು. ಅದು ಹೊಳೀಲಿಲ್ಲೇನು ನಿನಗ?"

"ಹೊಳೀತ್ರಿ. ಅಲ್ಲಿ ಮೂರು ದಿನಾ ಅದೇ ಹೊಳೀತು. ನಾಕನೇ ದಿನ ಚಂದಮ್ಮ ಜ್ವರದಾಗ ಮಲಗಿದ್ಲು, ಕೂಸು ಅಳಾಕತ್ತಿತು. ಎತ್ತಿಕೊಂಡೆ. ಬಾಯಾಗಿಂದ ಹಾಲಿನ ವಾಸನಿ ಬರ್ತಿತ್ತು. ನಮ್ಮ ನಾಗಣ್ಣನ ಬಾಯಾಗ ಬರೋ ವಾಸನೀನ. ಅಫೀಮು ಹಿತ್ತಲ ಬಚ್ಚಲಕ್ಕ ಚೆಲ್ಲಿ, ಕೂಸಿಗೆ ನಾನೇ ಹಾಲು ಕುಡಿಸಿದೆ." ಇಷ್ಟೊತ್ತು ತಣ್ಣಗಿದ್ದ ಅಕಿ ಮಾತಿಗೆ ಈಗ ಸಿಟ್ಟು ಏರಿತು. "ಅದು ಬಿಡ್ರಿ. ನಾ ಒಂದು ಮಾತು ಕೇಳ್ತೇನಿ. ಹದಿನಾರು ವರ್ಷ ನಾ ಕೂಸಿನ್ನ ಕೊಂದಾಕಿ ಅಂತ ತಿಳ್ಕೊಂಡು ನನ್ನ ಸಂಗಾಟ ಸಂಸಾರ ಮಾಡಿದ್ರಿ. ಒಂದ ದಿನ, ಒಂದೇ ಒಂದ ದಿನ, ಏ ಗೌರಾ, ನಿನ್ನ ಜೀವಕ್ಕ ಹ್ಯಾಂಗದ ಅಂತ ಕೇಳಿದ್ರೇನು? ನಾ ಹೊಸ್ತಲದಾಗ ನಿಂತು ಹೋತು ಅಂದಾಗ ನೀವು ಏನಂದ್ರಿ ನೆನಪದೇನು? ಹಸಿವಾಗ್ಯದ, ಉಣ್ಣಾಕ ನೀಡು ಅಂದ್ರಿ. ದಿನಕ್ಕಿಂತ ಎರಡು ರೊಟ್ಟಿ ಹೆಚ್ಚಿಗೇ ಉಂಡ್ರಿ. ಕೊಂದ ಕೈ ಅಂತ ತಿಳದಿದ್ರೂ ಆ ಕೈಲೇ ಹಾಕಿಸಿಕೊಂಡು ಉಂಡ್ರಿ. ನಾ ನೋಡ್ಕೋತ ನಿಂತಿದ್ದೆ."

ಕೊಂದಿಲ್ಲ ಅಂತ ಸಂತೋಷ ಪಡಬೇಕೋ, ಹೊಲ ಹೋತು ಅಂತ ಅಳಬೇಕೋ, ಯಾವುದೂ ಗೌಡಗ ತಿಳೀವಲ್ದು. ಇಷ್ಟು ವರ್ಷ ತನ್ನ ಮಗ್ಗಲಾಗ ಮಲಗಿದಾಕಿ ಯಾರು ಅಂತ ಇವಗ ಗೊತ್ತೇ ಇರಲಿಲ್ಲ. ಅಕಿಗೆ ಮಾತ್ರ ಇಂವ ಯಾರು ಅಂತ ಪೂರಾ ಗೊತ್ತಿತ್ತು.

"ನಾ ಅಲ್ಲ ಅಂತೇನಿ" ಅಂದ ಕಡೀಗೆ. ಧ್ವನ್ಯಾಗ ಜೋರಿರಲಿಲ್ಲ.

"ಅನ್ರಿ. ಅಂದು ಬರ್ರಿ. ನಾ ಗಾಡಿಂದ ಇಳದು, ಆ ಕುಂತ ಸಾಹೇಬ್ರ ಮುಂದ, ಆ ಮಂದಿ ಮುಂದ ಎಲ್ಲಾ ಹೇಳ್ತೇನಿ. ಅವರು ನಂಬಲಿ ಬಿಡಲಿ, ನಾಗಣ್ಣ ನಂಬ್ತಾನ. ಅವ ನನ್ನ ಮಗ. ತನ್ನ ಅಪ್ಪ ಯಾರು ಅಂತ ಅವಗ ತಿಳೀಲಿ."

ಗೌಡ ತಿರುಗಿ ನಡದ. ಅಖಾಡದ ದಂಡಿಗೆ ಬರೋದ್ರಾಗ ಇನ್ನೊಂದು ನೋಡಿದ. ನಾಗಣ್ಣ ಆ ಹುಡುಗನ ಹೆಗಲ ಮ್ಯಾಲ ಕೈ ಹಾಕ್ಕೊಂಡು ನಿಂತಿದ್ದ, ಮುಖದ ತುಂಬ ನಗಿ. ಒಬ್ಬನೇ ಬೆಳದ ಹುಡುಗ ಅಂವ, ಅಣ್ಣತಮ್ಮರಿಲ್ಲ, ಅಕ್ಕತಂಗಿಯರಿಲ್ಲ. "ಅಪ್ಪಾ! ಖರೇನೇನು? ಕಾಕಾನ ಮಗನೇನು ಇಂವ? ನನಗ ಯಾಕ ಹೇಳಲಿಲ್ಲ ನೀ?" ಅಂತ ಅಲ್ಲಿಂದಲೇ ಕೂಗಿದ. ಹೊಲಾ ಅರ್ಧ ಆಗ್ತದ ಅನ್ನೋದು ಆ ಹುಡುಗನ ತಲ್ಯಾಗ ಸುಳದೂ ಇರಲಿಲ್ಲ. ತಾ ಯಾರ ಸಲುವಾಗಿ ಇಷ್ಟೆಲ್ಲಾ ಮಾಡೇನಿ ಅಂತ ಗೌಡ ಅಂದ್ಕೊಂಡಿದ್ದನೋ, ಅಂವಾ ಹಿಂಗ ನಗಾಕತ್ತಿದ್ದ.

ಎಲ್ಲಾರ ಕಣ್ಣು ಗೌಡನ ಬಾಯಿ ಮ್ಯಾಲ.

"ಹೌದು" ಅಂದ ಜಗದೇವಪ್ಪ ಗೌಡ. ಗಂಟಲಾಗೇ ಉಳೀತು, ಯಾರಿಗೂ ಕೇಳಲಿಲ್ಲ. ಮಾಸ್ತರ ಕಿವಿಗೆ ಕೈ ಹಚ್ಚಿ ನಿಂತ. ಮತ್ತೊಮ್ಮೆ ಗಟ್ಟಿಸಿ ಹೇಳಬೇಕಾತು. "ಹೌದ್ರಿ. ನನ್ನ ತಮ್ಮನ ಮಗ. ನಮ್ಮ ಮನಿ ಖುರಾಕು ಉಂಡಾಂವ."

ಬೈಲೆಲ್ಲಾ ಹೋ ಅಂತು. ಹಲಗಿ ಒಂದೇ ಸವನ ಬಡಿಯಾಕ ಹತ್ತಿತು. ಹಿರೇ ವಸ್ತಾದ ಒಂದೇ ರುಮಾಲಿನ ಎರಡು ತುದಿ ಎರಡು ತಲಿಗೆ ಸುತ್ತಿ ಬರಾಬರಿ ಅಂತ ಸಾರಿದ. ಮಂದಿ ಗೌಡನ ಸುತ್ತ ಮುಗಿಬಿದ್ರು. "ಎಂಥಾ ದೊಡ್ಡ ಮನಸ್ರಿ ಗೌಡ್ರ ನಿಮ್ದು! ತಂದಿ ಇಲ್ಲದ ಕೂಸಿಗೆ ಗುಪ್ತವಾಗಿ ಅನ್ನ ಹಾಕಿದ್ರೆಲ್ರಿ, ಒಬ್ಬರಿಗೂ ಹೇಳದ!" ಅಂತ ಮುದುಕನೊಬ್ಬ ಕಣ್ಣಾಗ ನೀರು ತಂದ. ಗೌಡ ಹದಿನಾರು ವರ್ಷದಿಂದ ಹಸದಿದ್ದ ಹೆಸರು ಇದೇ ನೋಡ್ರಿ, ಗಂಗಾಳ ತುಂಬ ಬಂತು. ತಹಸೀಲ್ದಾರ ಸಾಹೇಬ ಕೈ ಕುಲುಕಿ, ಅದೇ ನಗಿಯೊಳಗ, "ನಿಮ್ಮ ತಮ್ಮ ಲಾವಾರಿಸ್ ಅಂತ ದಫ್ತರದಾಗ ಬರದದಲ್ರಿ ಗೌಡ್ರ? ತಪ್ಪು ಆಗಿರಬೇಕು. ಬರೋ ಸೋಮವಾರ ಕಚೇರಿಗೆ ಬರ್ರಿ, ತಿದ್ದೋಣು" ಅಂದ.

ಗೌಡ ಹೂಂ ಅಂದ. ಏನಂದ್ರೂ ಹೂಂ ಅನ್ನಾಕತ್ತಿದ್ದ.

ಮಂದಿ ಚದುರಿದ ಮ್ಯಾಲ ಬೇವಿನ ಗಿಡದ ನೆರಳಿಗೆ ಗೌರಾಬಾಯಿ ಕಂಬಳಿ ಹಾಸಿ ಬುತ್ತಿ ಬಿಚ್ಚಿದ್ಲು. ಜ್ವಾಳದ ರೊಟ್ಟಿ, ಎಣ್ಣಿಗಾಯಿ ಪಲ್ಯ, ಶೇಂಗಾ ಹಿಂಡಿ, ಗಡಗಿ ಮೊಸರು. ಹುಡುಗರಿಬ್ಬರೂ ಮೈಗೆ ಹತ್ತಿದ ಮಣ್ಣು ಝಾಡಿಸಿ ಮಗ್ಗಲಾ ಮಗ್ಗಲಾ ಕುಂತ್ರು. "ಬರ್ರಿ, ಉಣ್ಣಬರ್ರಿ" ಅಂತ ಗಂಡನ್ನೂ ಕರದ್ಲು, ದಿನಾ ಕರದಾಂಗೇ. ಅಂವಾನೂ ಬಂದು ಕುಂತ. ಇನ್ನೇನ ಮಾಡಬೇಕು ಅಂತ ತಿಳೀಲಿಲ್ಲ ಅವಗ. ರೊಟ್ಟಿ ಮುರದು ಬಾಯಾಗ ಇಟ್ಟ.

ಮಡಿವಾಳ ಉಣ್ಣೋದು ಬಿಟ್ಟು ಎದ್ದು ಬಂದು ಅವನ ಕಾಲು ಮುಟ್ಟಿದ.

"ದೊಡ್ಡಪ್ಪಾ, ನಿಮ್ಮನ್ನ ಒಮ್ಮೆ ನೋಡಬೇಕಂತ ಸಣ್ಣಾಂವ ಇದ್ದಾಗಿಂದ ಆಸಿ ಇತ್ರಿ," ಅಂದ. ಅಖಾಡದಾಗ ಬರೇ ನಾಕು ಮಾತಾಡಿದ ಹುಡುಗ ಈಗ ನಿಂದ್ರಿಸದ ಮಾತಾಡಿದ. "ಅವ್ವ ಬ್ಯಾಡ ಅಂತಿದ್ಲು. ದೊಡ್ಡಪ್ಪಗ ಭಾವಕಿಯವ್ರ, ದಾಯಾದಿ ಮಂದಿ ಕಾಟ ಭಾಳ ಅದ, ನೀ ಇರೋದು ಅವ್ರಿಗೆ ತಿಳದ್ರ ನಿನ್ನ ಜೀವಕ್ಕ ಕುತ್ತು, ಅದಕ್ಕ ದೊಡ್ಡಪ್ಪ ನಿನ್ನ ಮುಚ್ಚಿಟ್ಟು ಸಾಕಾಕತ್ತಾನ ಅಂತ ದೊಡ್ಡವ್ವ ಹೇಳಿ ಕಳಿಸಿದ್ಲಂತ್ರಿ. ಹುಸೇನಬೀ ಅಜ್ಜಿ ಬದಾಮಿ ಗಂಟು ಇಟ್ಟಾಗೊಮ್ಮೆ, ನಿಮ್ಮ ದೊಡ್ಡಪ್ಪ ಕಳಿಸ್ಯಾರಪಾ, ನೀ ಬದುಕಬೇಕು, ಬೆಳೀಬೇಕು ಅಂತ ಅವರ ಜೀವ ಭಾಳ ಬಡಕೋತದ ಅಂತಿದ್ಲು. ಅವ್ವ ದಿನಾ ಹಾಲಿನ ಬಟ್ಟಲು ಕೈಯಾಗ ಕೊಟ್ಟು, ಮೊದಲು ಬಸವಣ್ಣನ ಹೆಸರು, ಆಮ್ಯಾಲ ನಿಮ್ಮ ಹೆಸರು ಹೇಳಿಸೇ ಕುಡಿಸ್ತಿದ್ಲು. ಒಂದ ದಿನಾ ನಿಮ್ಮ ಹೆಸರು ಹೇಳದ ನಾ ಹಾಲು ಕುಡದಿಲ್ರಿ ದೊಡ್ಡಪ್ಪಾ."

ಗೌಡ ಹೆಂಡತಿ ಕಡೆ ನೋಡಿದ. ಅಕಿ ತಲಿ ಎತ್ತಲಿಲ್ಲ. ನಾಗಣ್ಣನ ಗಂಗಾಳಕ್ಕ ಮೊಸರು ಹಾಕಾಕತ್ತಿದ್ಲು.

ಬಾಯಾಗಿನ ತುತ್ತು ಹಂಗೇ ನಿಂತಿತು. ನುಂಗಾಕ ಬರಲಿಲ್ಲ, ಮಕ್ಕಳ ಮುಂದ ಉಗಳಾಕೂ ಬರಲಿಲ್ಲ. ಕಣ್ಣು ಕೆಂಪಾದ್ವು, ಕುತ್ತಿಗಿ ನರ ಉಬ್ಬಿದ್ವು.

"ಯಾಕ್ರಿ ದೊಡ್ಡಪ್ಪಾ, ಗಂಟಲಾಗ ಸಿಕ್ತೇನ್ರಿ?" ಅಂತ ಮಡಿವಾಳ ಗಾಬರಿಯಾಗಿ, ನೀರಿನ ತಂಬಗಿ ಅವನ ತುಟಿಗೆ ಹಿಡದು, ಇನ್ನೊಂದು ಕೈಲೆ ಅವನ ಬೆನ್ನು ಸವರಾಕತ್ತಿದ.